ಬೀಜಿಂಗ್, ಬೇಜಿಂಗ್, ಪೀಕಿಂಗ್: ಇಂಗ್ಲಿಷಿನಲ್ಲಿ ಮಾತಾಡುವಾಗ ಯಾವುದನ್ನು ಹೇಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಆಫೀಸಿನ ಕಾಲ್‌ನಲ್ಲಿ ನೀವು "ಬೀಜಿಂಗ್" ಅಂತೀರಿ, ಅಮೆರಿಕದವರು ಜಕಾರವನ್ನು ಮೆತ್ತಗೆ ಎಳೆದು ಬೇರೇನೋ ಅಂತಾರೆ, ಹಳೇ ಪುಸ್ತಕಗಳಲ್ಲಿ "ಪೀಕಿಂಗ್" ಅಂತಿದೆ. ಸರಿ ಯಾವುದು?

ಇಂಗ್ಲಿಷ್ ಮಾತಿನಲ್ಲಾದರೆ "ಬೇ-ಜಿಂಗ್". ಜ ನಮ್ಮ ಜಗಲಿಯ ಜ, ಒತ್ತು ಎರಡನೇ ತುಂಡಿನ ಮೇಲೆ. ಬಿಬಿಸಿಯ ಉಚ್ಚಾರಣಾ ವಿಭಾಗದ ಸಲಹೆಯೂ ಇದೇ.

ಅಮೆರಿಕದವರು ಹೇಳುವ ಆ ಮೆತ್ತನೆಯ ಸದ್ದಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ಶ ಅನ್ನುತ್ತಲೇ ಗಂಟಲನ್ನು ಗುಂಯ್‌ಗುಡಿಸಿದರೆ ಬರುತ್ತದೆ; ಇಂಗ್ಲಿಷಿನವರು "ಟೆಲಿವಿಷನ್" ಅನ್ನುವಾಗ ನಡುವೆ ಕೇಳಿಸುವುದು ಅದೇ. ಅದು ಫ್ರೆಂಚರ "ಬೊಂಜೂರ್" ಒಳಗಿನ ಜ. ಹೆಸರು ಪರದೇಶದ್ದು ಅಂತ ಗೊತ್ತಾದ ಕೂಡಲೇ ಇಂಗ್ಲಿಷ್ ನಾಲಿಗೆ ಫ್ರೆಂಚ್ ವೇಷ ಹಾಕಿಕೊಳ್ಳುತ್ತದೆ. ನಮ್ಮ ತಾಜ್ ಮಹಲ್‌ಗೂ "ರಾಜ್" ಅನ್ನುವ ಪದಕ್ಕೂ ಎಷ್ಟೋ ಜನ ಇದೇ ಗತಿ ಕಾಣಿಸಿದ್ದಾರೆ. ತಮಾಷೆಯೆಂದರೆ, ಫ್ರೆಂಚರ ಬಾಯಲ್ಲಿ ಈ ಊರಿಗೆ ಜ ಇಲ್ಲವೇ ಇಲ್ಲ, ಅವರು ಇವತ್ತಿಗೂ "ಪೆಕ್ಯಾಂ" ಅಂತಲೇ ಕರೆಯುವುದು! ಚೀನೀಯರಲ್ಲೂ ಇಲ್ಲದ, ಫ್ರೆಂಚರೂ ಈ ಊರಿಗೆ ಬಳಸದ ಸದ್ದು ಅದು. ಆದರೂ ಟೀವಿ ಸುದ್ದಿ ಓದುವವರ ಬಾಯಲ್ಲಿ ಎಷ್ಟು ಓಡಾಡಿದೆಯೆಂದರೆ ಕೆಲವು ನಿಘಂಟುಗಳು ಅದನ್ನೂ ಸೇರಿಸಿಕೊಂಡಿವೆ. ಕಾಲ್‌ನಲ್ಲಿ ಯಾರನ್ನೂ ತಿದ್ದಲು ಹೋಗಬೇಡಿ, ನೀವು ಮಾತ್ರ ಕಲಿಯಬೇಡಿ.

ಚೀನೀಯರು ಹೇಳುವುದು ಹೇಗೆ? ಇಲ್ಲಿ ಕನ್ನಡ ಬಲ್ಲವರಿಗೆ ಅನುಕೂಲವಿದೆ. ಪಿನ್‌ಯಿನ್ ಎಂಬ ರೋಮನ್ ಬರವಣಿಗೆಯಲ್ಲಿ "ಬಿ" ಅಕ್ಷರ ಹಾಕಿದ ಕಡೆ ಇರುವುದು ಉಸಿರಿಲ್ಲದ ಪ, "ಜೆ" ಹಾಕಿದ ಕಡೆ ಇರುವುದು ಉಸಿರಿಲ್ಲದ ಚ. ಅಂಗೈಯನ್ನು ಬಾಯಿ ಮುಂದೆ ಹಿಡಿದು "ಪದ" ಅನ್ನಿ, ಗಾಳಿ ತಾಗುವುದಿಲ್ಲ. ಇಂಗ್ಲಿಷಿನವರು "ಪೆನ್" ಅಂದರೆ ತಾಗುತ್ತದೆ. ಹಾಗಾಗಿ ಉಸಿರಿಲ್ಲದ ಪ ಅವರ ಕಿವಿಗೆ ಬಕಾರದ ಹಾಗೆಯೇ ಕೇಳಿಸುತ್ತದೆ. ನಮಗೆ ಅಲ್ಪಪ್ರಾಣ, ಮಹಾಪ್ರಾಣ ಶಾಲೆಯಲ್ಲೇ ಬಾಯಿಪಾಠ. ನಾಲಿಗೆ ತುದಿಯನ್ನು ಕೆಳಹಲ್ಲಿನ ಹಿಂದೆ ಇಟ್ಟು "ಪೇಯ್-ಚಿಂಗ್" ಅನ್ನಿ, ಮೊದಲನೆಯದನ್ನು ತಗ್ಗು ದನಿಯಲ್ಲಿ, ಎರಡನೆಯದನ್ನು ಎತ್ತರದ ದನಿಯಲ್ಲಿ ಸಮವಾಗಿ ಹಿಡಿದು. ಅಲ್ಲಿನವರಿಗೆ ಗುರುತು ಸಿಗುತ್ತದೆ. ಇಂಗ್ಲಿಷ್ ವಾಕ್ಯದ ನಡುವೆ ಇದನ್ನು ತುರುಕಿದರೆ ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಇನ್ನು ಪೀಕಿಂಗ್. ಇದು ಬ್ರಿಟಿಷರು ಕಿವಿಗೆ ಬಿದ್ದ ಹೆಸರನ್ನು ಕೆಡಿಸಿದ್ದು ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಜೆಸ್ಯುಟ್ ಪಾದ್ರಿ ಮಾರ್ಟಿನೋ ಮಾರ್ಟಿನಿ ಮಾಡಿದ ಚೀನಾದ ಅಟ್ಲಾಸ್ 1655ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು, ಅದರಲ್ಲೇ ಈ ರೂಪವಿದೆ. ಈ ಹೆಸರಿನ ಎರಡನೇ ಭಾಗಕ್ಕೆ ಹಿಂದೆ ಕಕಾರವೇ ಇತ್ತು. ಆಮೇಲೆ ಉತ್ತರದ ಮಾತಿನಲ್ಲಿ ಇಕಾರದ ಹಿಂದಿನ ಕ ಚಕಾರವಾಗಿ ಜಾರಿತು. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ನಮ್ಮ ಕೆರೆ ಅಲ್ಲಿ ಚೆರುವು ಆಗಿಲ್ಲವೇ, ಅದೇ ಜಾಡು. ಹಾಂಗ್‌ಕಾಂಗ್‌ನವರ ಮಾತಾದ ಕ್ಯಾಂಟನೀಸಿನಲ್ಲಿ ಇವತ್ತಿಗೂ ಸುಮಾರಾಗಿ "ಪಕ್-ಕಿಂಗ್". ಚೀನಾದ ಇನ್ನೊಂದು ಊರು ನಾನ್‌ಕಿಂಗ್ ನಾನ್‌ಜಿಂಗ್ ಆದದ್ದೂ ಹೀಗೆಯೇ.

"ಪೀಕಿಂಗ್ ಅನ್ನು ಬೀಜಿಂಗ್ ಎಂದು ಬದಲಿಸಿದರು" ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಚೀನೀಯರ ಬಾಯಲ್ಲಿ ಹೆಸರು ನಿಜಕ್ಕೂ ಬದಲಾಗಿದ್ದು 1928ರಲ್ಲಿ. ರಾಜಧಾನಿ ನಾನ್‌ಜಿಂಗ್‌ಗೆ ಹೋದಾಗ, ರಾಜಧಾನಿ ಎಂಬ ಅರ್ಥದ "ಜಿಂಗ್" ತೆಗೆದು "ಬೇಪಿಂಗ್" ಮಾಡಿದರು. 1949ರಲ್ಲಿ ರಾಜಧಾನಿಯ ಪಟ್ಟದ ಜೊತೆಗೆ ಹಳೇ ಹೆಸರೂ ಮರಳಿತು. ಪಿನ್‌ಯಿನ್‌ಗೆ 1958ರಲ್ಲಿ ಒಪ್ಪಿಗೆ ಸಿಕ್ಕಿದ್ದರೂ ಚೀನಾ ಸರ್ಕಾರ ವಿದೇಶಿ ಭಾಷೆಗಳ ಪ್ರಕಟಣೆಗಳಲ್ಲಿ ಅದನ್ನು ಬಳಸತೊಡಗಿದ್ದು 1979ರ ಜನವರಿ 1ರಿಂದ. ಆಮೇಲೆ ಇಂಗ್ಲಿಷ್ ಪತ್ರಿಕೆಗಳು ನಿಧಾನವಾಗಿ ದಾರಿಗೆ ಬಂದವು. ಬದಲಾದದ್ದು ರೋಮನ್ ಕಾಗುಣಿತ ಅಷ್ಟೇ.

ಹಳೆಯದು ಪೂರ್ತಿ ಹೋಗಿಯೂ ಇಲ್ಲ. ಅಲ್ಲಿಗೆ ಹೋಗುವ ವಿಮಾನಕ್ಕೆ ಲಗೇಜ್ ಕೊಟ್ಟು ಟ್ಯಾಗ್ ನೋಡಿ, ಕ್ಯಾಪಿಟಲ್ ನಿಲ್ದಾಣವಾದರೆ ಪಿಇಕೆ. 2019ರಲ್ಲಿ ಶುರುವಾದ ಹೊಸ ದಾಶಿಂಗ್ ನಿಲ್ದಾಣಕ್ಕೂ ಪಿಕೆಎಕ್ಸ್! ಬಾತುಕೋಳಿ ರೋಸ್ಟ್ ಪೀಕಿಂಗ್ ಡಕ್, ಮಡಿಲ ನಾಯಿ ಪೀಕಿನೀಸ್. ಅಲ್ಲಿನ ಹೆಸರಾಂತ ವಿಶ್ವವಿದ್ಯಾಲಯವೂ ಇಂಗ್ಲಿಷಿನಲ್ಲಿ ತನ್ನನ್ನು ಪೀಕಿಂಗ್ ಯೂನಿವರ್ಸಿಟಿ ಎಂದೇ ಕರೆದುಕೊಳ್ಳುತ್ತದೆ. ಮೇಲ್ ಬರೆಯುವಾಗ ಇದನ್ನೆಲ್ಲ "ಸರಿ" ಮಾಡಲು ಹೋಗಬೇಡಿ. ಬೀಜಿಂಗ್ ಯೂನಿವರ್ಸಿಟಿ ಎಂದರೆ ಓದುವವರಿಗೆ ಬೇರೆ ಯಾವುದೋ ಸಂಸ್ಥೆ ಅನ್ನಿಸಬಹುದು. ಊರಿನ ಬಗ್ಗೆ, ಅಥವಾ ಸುದ್ದಿಯವರ ಹಾಗೆ ಊರಿನ ಹೆಸರಲ್ಲಿ ಚೀನಾ ಸರ್ಕಾರದ ಬಗ್ಗೆ ಹೇಳುವಾಗ ಮಾತ್ರ ಹೊಸ ರೂಪ.

ಕನ್ನಡದಲ್ಲಿ ಮಾತಾಡುವಾಗ? ಬೀಜಿಂಗ್ ಅಂತಲೇ ಅನ್ನಿ. ಪತ್ರಿಕೆಗಳಲ್ಲಿ ಅದೇ ರೂಢಿಯಾಗಿದೆ, ಕೇಳಿದವರಿಗೂ ತಿಳಿಯುತ್ತದೆ.