ತಿದ್ದಲಿ, ಆದರೆ ಮೊದಲಿನದನ್ನು ಬಚ್ಚಿಡದಿರಲಿ

ಓದುಗರ ಪತ್ರ

ಹಳೆಯ ಚಿತ್ರಗಳ ಮರುಬಿಡುಗಡೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ‘ಸ್ಟಾರ್ ವಾರ್ಸ್’ ಚಿತ್ರವನ್ನು ಅದರ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹಲವು ಸಲ ತಿದ್ದಿದರೆಂದೂ, 1977ರಲ್ಲಿ ತೆರೆಕಂಡ ರೂಪವನ್ನೇ ಕೊಡಿ ಎಂದು ಅಭಿಮಾನಿಗಳು ಪಟ್ಟು ಹಿಡಿದಿದ್ದಾರೆಂದೂ ಅದರಲ್ಲಿತ್ತು. ನನಗೆ ಆ ಪಟ್ಟು ಅತಿಯಾಯಿತು ಎನಿಸಿತು. ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಕವಿ ಎರಡನೆಯ ಮುದ್ರಣದಲ್ಲಿ ಕವಿತೆಯನ್ನು ತಿದ್ದಿದರೆ ನಾವ್ಯಾರೂ ಜಗಳಕ್ಕೆ ಹೋಗುವುದಿಲ್ಲ. ಟಿಕೆಟಿಗೆ ಕೊಟ್ಟ ದುಡ್ಡು ಅಂದಿನ ಆಟಕ್ಕೆ ಸಂದಿತು. ಆಮೇಲೂ ನಿರ್ದೇಶಕ ಅಭಿಮಾನಿಗೆ ಸಾಲಗಾರನೇ? ಇನ್ನೊಂದು ಮಾತು. ನನ್ನ ಮೊಮ್ಮಕ್ಕಳು ‘ಕಸ್ತೂರಿ ನಿವಾಸ’ವನ್ನು ಬಣ್ಣದಲ್ಲಿ ಮಾತ್ರ ನೋಡುತ್ತಾರೆ. ಅದೂ ತಪ್ಪೇ?

— ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ

ಮಾನ್ಯರೇ,

ತಮ್ಮ ಪತ್ರ ಓದಿ ಸಂತೋಷವಾಯಿತು. ಹೇಳಬೇಕಾದುದನ್ನು ಇಷ್ಟು ನೇರವಾಗಿ ಬರೆಯುವವರು ಈಗ ಕಡಿಮೆ. ತಮ್ಮ ತೀರ್ಮಾನವನ್ನು ಮಾತ್ರ ಒಪ್ಪಲಾರೆ.

ಒಪ್ಪುವ ಭಾಗವನ್ನು ಮೊದಲೇ ಹೇಳಿಬಿಡುತ್ತೇನೆ. ಕಲಾವಿದನಿಗೆ ತನ್ನ ಕೃತಿಯನ್ನು ತಿದ್ದುವ ಹಕ್ಕಿದೆ. ದುಡ್ಡು ಸಾಲದೆ, ಗಡುವು ಮೀರಿ, ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟ ದೃಶ್ಯವೊಂದು ಇಪ್ಪತ್ತು ವರ್ಷ ಆತನನ್ನು ಕೊರೆಯುತ್ತಿದ್ದರೆ ಅದನ್ನು ಸರಿಪಡಿಸಿಕೊಳ್ಳಲಿ. ಲ್ಯೂಕಾಸ್ ಅವರ ಅಳಲೂ ಇದೇ ಆಗಿತ್ತು. ಅದಕ್ಕೆ ನನ್ನ ತಕರಾರಿಲ್ಲ.

ಈಗ ತಮ್ಮ ಕವಿಯ ಉದಾಹರಣೆಗೆ ಬರುತ್ತೇನೆ. ತಾವು ಕನ್ನಡ ಕಲಿಸಿದವರಾದ್ದರಿಂದ ಸ್ವಲ್ಪ ಆಕ್ಷೇಪಿಸುವ ಸಲುಗೆ ತೆಗೆದುಕೊಳ್ಳುತ್ತೇನೆ, ಬೇಸರಿಸಬೇಡಿ. ಕವಿ ಎರಡನೆಯ ಮುದ್ರಣದಲ್ಲಿ ಸಾಲು ಬದಲಿಸಿದಾಗ ಮೊದಲ ಮುದ್ರಣ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಗ್ರಂಥಾಲಯದ ಕಪಾಟಿನಲ್ಲಿ, ಯಾರದೋ ಮನೆಯ ಅಟ್ಟದಲ್ಲಿ ಅದು ಇದ್ದೇ ಇರುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ತಮ್ಮ ಕೈಯಲ್ಲಿ ಓಡಾಡಿದ ಪುಸ್ತಕವೇ ಇರಬೇಕು. ಓಲೆಗರಿಗಳನ್ನು ಒಂದಕ್ಕೊಂದು ತಾಳೆ ನೋಡಿ, ಸರಿಯೆಂದು ತೋರಿದ ಪಾಠವನ್ನು, ಅಂದರೆ ಸಾಲಿನ ರೂಪವನ್ನು, ಮೇಲಿಟ್ಟು, ಉಳಿದ ಪಾಠಾಂತರಗಳನ್ನೆಲ್ಲ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಕೊಡುವ ಶಿಸ್ತನ್ನು ಆ ತಲೆಮಾರಿನ ವಿದ್ವಾಂಸರು ನಮಗೆ ಬಿಟ್ಟುಹೋದರು. ತನಗೆ ಸರಿಕಾಣದ ಪಾಠವನ್ನು ಎಸೆದುಬಿಡುವ ಅಧಿಕಾರ ಸಂಪಾದಕನಿಗಿಲ್ಲ. ನಾಳೆ ಬರುವ ಇನ್ನೊಬ್ಬನಿಗೆ ಅದೇ ಸರಿಯಾಗಿ ಕಾಣಬಹುದು. ಒಂದು ಷಟ್ಪದಿಯ ಒಂದು ಮಾತ್ರೆಗೆ ಇಷ್ಟು ಮರ್ಯಾದೆ ಕೊಟ್ಟ ಭಾಷೆ ನಮ್ಮದು. ಹೀಗಿರುವಾಗ ಸಿನಿಮಾಕ್ಕೆ ಆ ಮರ್ಯಾದೆ ಏಕೆ ಬೇಡ ಎನ್ನುತ್ತೀರಿ?

ಲ್ಯೂಕಾಸ್ ಮಾಡಿದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1977ರ ಚಿತ್ರದಲ್ಲಿ ಹ್ಯಾನ್ ಸೋಲೊ ಎಂಬ ಕಳ್ಳಸಾಗಣೆಗಾರ ಪಾನಗೃಹದ ಮೇಜಿನ ಮುಂದೆ ಕುಳಿತಿದ್ದಾನೆ. ಎದುರಿಗೆ ಅವನನ್ನು ಹಿಡಿದು ಬಹುಮಾನ ಗಿಟ್ಟಿಸಲು ಬಂದ ಗ್ರೀಡೊ. ಮಾತಿನ ನಡುವೆಯೇ ಸೋಲೊ ಮೇಜಿನ ಅಡಿಯಲ್ಲಿ ಸದ್ದಿಲ್ಲದೆ ಬಂದೂಕು ಬಿಚ್ಚಿಕೊಂಡು ಹಾರಿಸುತ್ತಾನೆ. ಅವನು ಎಂಥ ಮನುಷ್ಯ ಎಂಬುದು ಅಷ್ಟರಲ್ಲೇ ನಮಗೆ ತಿಳಿಯುತ್ತದೆ. ಇಂಥವನು ಕೊನೆಯಲ್ಲಿ ತನ್ನ ಲಾಭ ಬಿಟ್ಟು ಗೆಳೆಯರ ನೆರವಿಗೆ ಹಿಂದಿರುಗಿ ಬರುತ್ತಾನೆ ಎನ್ನುವುದರಲ್ಲೇ ಆ ಪಾತ್ರದ ಸೊಗಸಿದೆ. 1997ರ ವಿಶೇಷ ಆವೃತ್ತಿಯಲ್ಲಿ ಮೊದಲು ಗುಂಡು ಹಾರಿಸುವವನು ಗ್ರೀಡೊ. ಮೇಜಿನಷ್ಟು ದೂರದಿಂದ ಹಾರಿಸಿಯೂ ಗುರಿ ತಪ್ಪುತ್ತಾನೆ. ಸೋಲೊ ಆತ್ಮರಕ್ಷಣೆ ಮಾಡಿಕೊಂಡ ಸಭ್ಯನಾಗುತ್ತಾನೆ. 2004ರ ಡಿವಿಡಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ ಹಾರಿಸುತ್ತಾರೆ. 2019ರಲ್ಲಿ ಡಿಸ್ನಿ ತನ್ನ ಸ್ಟ್ರೀಮಿಂಗ್ ಸೇವೆ ಆರಂಭಿಸಿದಾಗ ಗ್ರೀಡೊನ ಬಾಯಿಗೆ ಹೊಸದೊಂದು ಪದವೂ ಸೇರಿತ್ತು. ಒಂದೇ ಮೇಜು, ಒಂದೇ ಸಾವು, ನಾಲ್ಕು ಪಾಠ. ಆಮೇಲಿನ ಮೂರನ್ನು ಕೊಂಡುಕೊಳ್ಳಬಹುದಿತ್ತು, ನೋಡಬಹುದಿತ್ತು. ಮೊದಲನೆಯದಕ್ಕೆ ಮಾತ್ರ ಆಮೇಲೆ ಅಂಗಡಿಯಲ್ಲಿ ಸರಿಯಾದ ಜಾಗ ಸಿಗಲಿಲ್ಲ.

ಕವಿಗೂ ಚಿತ್ರನಿರ್ದೇಶಕನಿಗೂ ಇರುವ ದೊಡ್ಡ ವ್ಯತ್ಯಾಸವನ್ನು ತಾವು ಮರೆತಿದ್ದೀರಿ. ಕವಿತೆಯ ಪ್ರತಿ ಅಕ್ಷರವೂ ಕವಿಯದು. ಸಿನಿಮಾ ನೂರಾರು ಜನರ ದುಡಿಮೆ. ‘ಸ್ಟಾರ್ ವಾರ್ಸ್’ನ ಸಂಕಲನಕ್ಕೆ ಆಸ್ಕರ್ ಪಡೆದವರು ಪಾಲ್ ಹಿರ್ಶ್, ಮಾರ್ಸಿಯಾ ಲ್ಯೂಕಾಸ್ ಮತ್ತು ರಿಚರ್ಡ್ ಚ್ಯೂ. ಪುಟ್ಟ ಮಾದರಿ ನೌಕೆಗಳನ್ನು ಕೈಯಿಂದ ಕಟ್ಟಿ, ಕ್ಯಾಮೆರಾವನ್ನು ಅಂಗುಲ ಅಂಗುಲ ಚಲಿಸಿ ಆಕಾಶಯುದ್ಧ ತೋರಿಸಿದ ತಂತ್ರಜ್ಞರೂ ಅದೇ ವರ್ಷ ಆಸ್ಕರ್ ಪಡೆದರು. ಅವರ ಎಷ್ಟೋ ದೃಶ್ಯಗಳ ಜಾಗದಲ್ಲಿ 1997ರಲ್ಲಿ ಕಂಪ್ಯೂಟರ್ ಚಿತ್ರಗಳು ಬಂದು ಕೂತವು. ಪ್ರಶಸ್ತಿ ಸಂದದ್ದು ಯಾವ ಕೆಲಸಕ್ಕೆ ಎಂದು ಇಂದಿನ ಹುಡುಗ ಕೇಳಿದರೆ ಏನನ್ನು ತೋರಿಸುವುದು? ಇದಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಇನ್ನೊಂದು. ಅದೇ ಸರಣಿಯ 1983ರ ‘ರಿಟರ್ನ್ ಆಫ್ ದ ಜೆಡೈ’ ಚಿತ್ರದ ಕೊನೆಯಲ್ಲಿ, ಸತ್ತ ತಂದೆಯ ಆತ್ಮವಾಗಿ ಮಗನ ಮುಂದೆ ನಿಂತವರು ಸೆಬಾಸ್ಟಿಯನ್ ಶಾ ಎಂಬ ಹಿರಿಯ ನಟ. ಅವರು 1994ರಲ್ಲಿ ತೀರಿಕೊಂಡರು. 2004ರ ಆವೃತ್ತಿಯಲ್ಲಿ ಅವರನ್ನು ತೆಗೆದು ಹೊಸ ಚಿತ್ರಗಳ ತರುಣ ನಟನನ್ನು ಅಲ್ಲಿ ನಿಲ್ಲಿಸಲಾಯಿತು. ತೀರಿಕೊಂಡ ನಟ ಬಂದು ಆಕ್ಷೇಪಣೆ ಹೇಳಲಾರ. ಆತನ ಪರವಾಗಿ ಕೇಳುವವರು ಯಾರು? ತಾವು ಅತಿ ಎಂದ ಅಭಿಮಾನಿಗಳೇ ಕೇಳಬೇಕಾಯಿತು.

ಲ್ಯೂಕಾಸ್ ಅವರೇ ಒಂದು ಕಾಲದಲ್ಲಿ ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದ್ದರು. ಎಂಬತ್ತರ ದಶಕದಲ್ಲಿ ಅಮೆರಿಕದ ಕಂಪನಿಗಳು ಕಪ್ಪು ಬಿಳುಪು ಚಿತ್ರಗಳಿಗೆ ಬಣ್ಣ ಬಳಿಯತೊಡಗಿದಾಗ, 1988ರಲ್ಲಿ ಅವರು ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಹೋಗಿ, ಲಾಭಕ್ಕಾಗಿಯೋ ಅಧಿಕಾರ ತೋರಿಸಲೋ ಕಲಾಕೃತಿಗಳನ್ನು ಬದಲಿಸುವವರು ಬರ್ಬರರು ಎಂದರು. ಮುಂದೊಂದು ದಿನ ಹಳೆಯ ನೆಗೆಟಿವ್ ಕಳೆದುಹೋಗಿ ಅದರ ಜಾಗದಲ್ಲಿ ತಿದ್ದಿದ ನೆಗೆಟಿವ್ ಬರುವುದು ಸುಲಭವಾಗುತ್ತದೆ, ನಮ್ಮ ಸಾಂಸ್ಕೃತಿಕ ಇತಿಹಾಸವನ್ನು ಹಾಗೆ ತಿರುಗಿ ಬರೆಯಲು ಬಿಡಬಾರದು ಎಂದೂ ಎಚ್ಚರಿಸಿದರು. ಅದೇ ವರ್ಷ ಚಿತ್ರಸಂರಕ್ಷಣೆಯ ಕಾಯಿದೆ ಬಂತು. 1989ರಲ್ಲಿ ರಾಷ್ಟ್ರೀಯ ನೋಂದಣಿಗೆ, ಅಂದರೆ ಕಾಪಾಡಬೇಕಾದ ಚಿತ್ರಗಳ ಪಟ್ಟಿಗೆ, ಆಯ್ದ ಮೊದಲ 25 ಚಿತ್ರಗಳಲ್ಲಿ ‘ಸ್ಟಾರ್ ವಾರ್ಸ್’ ಒಂದಾಗಿತ್ತು. ಮುಂದೆ ಎಂಟು ವರ್ಷಕ್ಕೆ ಅದೇ ಚಿತ್ರದ ಮೂಲ ನೆಗೆಟಿವ್‌ಗೆ ಕತ್ತರಿ ಬಿದ್ದು ಹೊಸ ದೃಶ್ಯಗಳು ಸೇರಿದವು. 2004ರಲ್ಲಿ ಪತ್ರಕರ್ತರು ಕೇಳಿದಾಗ, ನೀವು ಅರ್ಧ ಮುಗಿದ ಚಿತ್ರವನ್ನು ನೋಡಿ ಮೆಚ್ಚಿಕೊಂಡಿರಿ, ಕ್ಷಮಿಸಿ, ನನಗೆ ಬೇಕಾದಂತೆಯೇ ಅದು ಇರಬೇಕು ಎಂದುಬಿಟ್ಟರು. 2006ರಲ್ಲಿ ಒತ್ತಾಯಕ್ಕೆ ಮಣಿದು ಮೂಲರೂಪವನ್ನು ಡಿವಿಡಿಯ ಹೆಚ್ಚುವರಿ ತಟ್ಟೆಯಲ್ಲಿ ಕೊಟ್ಟರು, ಅದೂ 1993ರಲ್ಲಿ ಲೇಸರ್ ಡಿಸ್ಕ್‌ಗಾಗಿ ಮಾಡಿದ್ದ ಮಂಕು ಪ್ರತಿಯಿಂದ. ಕೊನೆಗೆ ಅಭಿಮಾನಿಗಳೇ ಹಳೆಯ 35 ಎಂ.ಎಂ. ಪ್ರಿಂಟುಗಳನ್ನು ಹುಡುಕಿ, ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡಿ, ಧೂಳು ಗೀರು ತೆಗೆಯುತ್ತ ಕುಳಿತರು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2025ರ ಜೂನ್‌ನಲ್ಲಿ ತನ್ನ ಭಂಡಾರದ ಟೆಕ್ನಿಕಲರ್ ಪ್ರಿಂಟನ್ನು ಲಂಡನ್ನಿನಲ್ಲಿ ತೋರಿಸಿದಾಗ ಅದು ಜಗತ್ತಿನ ಸುದ್ದಿಯಾಯಿತು. ಸಿನಿಮಾವೊಂದನ್ನು ಅದು ಇದ್ದ ಹಾಗೆ ತೋರಿಸುವುದು ಸುದ್ದಿಯಾಗಬೇಕಾದ ಸ್ಥಿತಿ ಬಂದದ್ದೇ ಅನ್ಯಾಯ.

ಬೇರೆ ದಾರಿ ಇರಲಿಲ್ಲವೇ? ಇತ್ತು. ರಿಡ್ಲಿ ಸ್ಕಾಟ್ 2007ರಲ್ಲಿ ‘ಬ್ಲೇಡ್ ರನ್ನರ್’ನ ಅಂತಿಮ ರೂಪ ಕೊಟ್ಟಾಗ 1982ರದನ್ನೂ ನಡುವಿನವನ್ನೂ ಅದೇ ಪೆಟ್ಟಿಗೆಯಲ್ಲಿಟ್ಟು ಮಾರಲಾಯಿತು. ಸ್ಟೀವನ್ ಸ್ಪೀಲ್‌ಬರ್ಗ್ 2002ರಲ್ಲಿ ‘ಇ.ಟಿ.’ ಚಿತ್ರದ ಪೊಲೀಸರ ಕೈಯಿಂದ ಬಂದೂಕು ಕಿತ್ತು ವಾಕಿಟಾಕಿ ಕೊಟ್ಟಿದ್ದರು. 2012ರ ಬ್ಲೂರೇಯಲ್ಲಿ 1982ರ ರೂಪವೊಂದನ್ನೇ ಕೊಟ್ಟರು. ಹಾಗೆ ಕೈಹಾಕಬಾರದಿತ್ತು, ಯಾರೂ ಹಾಕಬೇಡಿ ಎಂದು 2023ರಲ್ಲಿ ಬಹಿರಂಗವಾಗಿ ಹೇಳಿದರು. ಆ ಮಾತಿಗಾಗಿ ಅವರ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು.

ಇದೆಲ್ಲ ದೂರದ ದೇಶದ ಜಗಳ ಎಂದು ತಮಗೆ ತೋರಿದರೆ ಈ ಸಂಗತಿ ಕೇಳಿ. ‘ಸ್ಟಾರ್ ವಾರ್ಸ್’ ಬಂದ 1977ರಲ್ಲೇ ನಮ್ಮ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವೂ ಬಂತು. ಅನಂತಮೂರ್ತಿಯವರ ಕಥೆ, ಬಿ.ವಿ. ಕಾರಂತರ ಸಂಗೀತ, ಎಸ್. ರಾಮಚಂದ್ರ ಅವರ ಕ್ಯಾಮೆರಾ, ಸ್ವರ್ಣಕಮಲದ ಗೌರವ. 2024ರಲ್ಲಿ ಆ ಚಿತ್ರ ಹೊಸದಾಗಿ ಸಂಸ್ಕರಣಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ನಮ್ಮ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿದ ಆ ಕೆಲಸಕ್ಕೆ ಹಣ ಕೊಟ್ಟದ್ದು ಹಾಬ್ಸನ್/ಲ್ಯೂಕಾಸ್ ಕುಟುಂಬದ ಪ್ರತಿಷ್ಠಾನ, ಅಂದರೆ ಜಾರ್ಜ್ ಲ್ಯೂಕಾಸ್ ಮತ್ತು ಅವರ ಪತ್ನಿಯ ಪ್ರತಿಷ್ಠಾನ. ಕನ್ನಡಿಗನಾಗಿ ನಾನು ಅವರಿಗೆ ಋಣಿ. ಆ ಚಿತ್ರದ ವಿಧವೆ ಯಮುನಕ್ಕನ ಬೋಳಿಸಿದ ತಲೆಯನ್ನು, ಅವಳನ್ನು ಬಿಟ್ಟು ಹೋಗಬೇಕಾದ ಪುಟ್ಟ ನಾಣಿಯ ಮುಖವನ್ನು 1977ರ ಪ್ರೇಕ್ಷಕ ಕಂಡಂತೆಯೇ ಮುಂದಿನವರು ಕಾಣಲಿ ಎಂದು ಹಣ ಕೊಟ್ಟ ಮನಸ್ಸು ತನ್ನ ಚಿತ್ರದ ವಿಷಯದಲ್ಲಿ ಮಾತ್ರ ಇಷ್ಟು ಬಿಗಿಯಾಯಿತೇ ಎಂಬುದೇ ನನಗೆ ಅರಗದ ಪ್ರಶ್ನೆ.

ಯಾವುದು ಮೂಲ ಎಂದು ನಿರ್ಧರಿಸುವುದು ಯಾವಾಗಲೂ ಸುಲಭವಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾದ ‘ಶೋಲೆ’ಯನ್ನೇ ನೋಡಿ. ಠಾಕೂರ್ ಮೊಳೆ ಹೊಡೆದ ಪಾದರಕ್ಷೆಯಿಂದ ಗಬ್ಬರ್‌ನನ್ನು ತುಳಿದು ಕೊಲ್ಲುವುದು ನಿರ್ದೇಶಕ ರಮೇಶ್ ಸಿಪ್ಪಿ ಚಿತ್ರೀಕರಿಸಿದ್ದ ಅಂತ್ಯ. 1975ರ ತುರ್ತು ಪರಿಸ್ಥಿತಿಯಲ್ಲಿ ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ತಡೆಯುವ ಅಂತ್ಯವನ್ನು ದೇಶ ನೋಡಿತು. 2025ರಲ್ಲಿ ಇಟಲಿಯ ಬೊಲೊನ್ಯದಲ್ಲಿ ಕೊನೆಗೂ ನಿರ್ದೇಶಕರ ಅಂತ್ಯ ತೆರೆಗೆ ಬಂತು. ನಾನು ಅದನ್ನು ಸ್ವಾಗತಿಸುತ್ತೇನೆ. ಹಾಗೆಂದು ಐವತ್ತು ವರ್ಷ ಜನ ನೋಡಿದ ರೂಪವನ್ನು ಯಾರೂ ಕಣ್ಮರೆ ಮಾಡಬಾರದು. ಸರ್ಕಾರವೊಂದು ಸಿನಿಮಾದ ಕೈ ತಿರುಚಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಮಾಲೀಕನ ಇಷ್ಟ ಎಂದು ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 2013ರ ‘ರಾಂಝಣಾ’ ಚಿತ್ರದಲ್ಲಿ ನಾಯಕ ಸಾಯುತ್ತಾನೆ. 2025ರಲ್ಲಿ ನಿರ್ಮಾಣ ಸಂಸ್ಥೆ ಕೃತಕ ಬುದ್ಧಿಮತ್ತೆ ಬಳಸಿ ತಮಿಳು ಅವತರಣಿಕೆಯಲ್ಲಿ ಅವನನ್ನು ಬದುಕಿಸಿ ಮರುಬಿಡುಗಡೆ ಮಾಡಿತು. ನಿರ್ದೇಶಕ ಆನಂದ್ ಎಲ್. ರೈ, ನಟ ಧನುಷ್ ಇಬ್ಬರೂ ಪ್ರತಿಭಟಿಸಿದರು. ಆದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಕಣ್ಣಿನಲ್ಲಿ ಚಲನಚಿತ್ರದ ಕರ್ತೃ ನಿರ್ಮಾಪಕ. ನಿರ್ದೇಶಕನ ಹೆಸರು ಹೇಳಿ ತಾವು ಎತ್ತಿಹಿಡಿದ ಹಕ್ಕು, ಕೊನೆಗೆ ಹೋಗಿ ಸೇರುವುದು ದುಡ್ಡು ಹಾಕಿದವನ ಕೈಗೆ.

ನಮ್ಮೂರಿನ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಎರಡನೆಯ ಆಟಕ್ಕೆ ಒಂದೊಂದು ದಿನ ಒಂದು ರೀಲನ್ನೇ ಹಾರಿಸಿಬಿಡುತ್ತಿದ್ದ. ಫಿಲ್ಮು ತುಂಡಾದರೆ ನಾಲ್ಕಾರು ಚೌಕಟ್ಟು ಕತ್ತರಿಸಿ ಅಂಟಿಸುತ್ತಿದ್ದ. ಆ ಚೂರುಗಳನ್ನು ಹುಡುಗರಾದ ನಾವು ಆಯ್ದು, ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು, ಬಿಸಿಲಿಗೆ ಹಿಡಿದು ಯಾವ ನಟ ಎಂದು ಗುರುತಿಸುತ್ತಿದ್ದೆವು. ಆಗ ಚಿತ್ರಕ್ಕೆ ಬಿದ್ದ ಕತ್ತರಿ ನಮ್ಮೂರಿನ ಪ್ರಿಂಟಿಗೆ ಮಾತ್ರ. ಪಕ್ಕದ ತಾಲ್ಲೂಕಿಗೆ ಹೋದರೆ ಪೂರ್ತಿ ಚಿತ್ರ ಸಿಗುತ್ತಿತ್ತು. ಈಗ ಎಲ್ಲೋ ಒಂದು ಕಡೆ ಒಂದು ಫೈಲು ಬದಲಾದರೆ ಬೆಳಗಾಗುವಷ್ಟರಲ್ಲಿ ಎಲ್ಲರ ಮನೆಯ ಚಿತ್ರವೂ ಬದಲಾಗಿರುತ್ತದೆ. ಬದಲಾಯಿತು ಎಂಬ ಒಂದು ಸಾಲಿನ ಸೂಚನೆಯೂ ಇರುವುದಿಲ್ಲ.

ಕನ್ನಡದ ಸ್ಥಿತಿ ನೆನೆದರೆ ಹೊಟ್ಟೆ ಉರಿಯುತ್ತದೆ. 1934ರ ‘ಸತಿ ಸುಲೋಚನ’ ನಮ್ಮ ಮೊದಲ ವಾಕ್ಚಿತ್ರ. ಅದರ ಒಂದು ಪ್ರಿಂಟೂ ಉಳಿದಿಲ್ಲ. ಮೂಲರೂಪ ಕೊಡಿ ಎಂದು ಜಗಳವಾಡುವ ಭಾಗ್ಯವೂ ನಮಗಿಲ್ಲ. ಉಳಿದ ಚಿತ್ರಗಳನ್ನಾದರೂ ಹೇಗೆ ತೋರಿಸುತ್ತಿದ್ದೇವೆ? ಚೌಕಾಕಾರದ ಹಳೆಯ ಚಿತ್ರವನ್ನು ಇಂದಿನ ಅಗಲ ಪರದೆ ತುಂಬಲೆಂದು ಹಿಗ್ಗಿಸಿ, ನಾಯಕಿಯ ಮುಡಿಯನ್ನೂ ಖಳನಾಯಕನ ಗಲ್ಲವನ್ನೂ ಕತ್ತರಿಸಿ ಬಿಡುತ್ತಾರೆ. ಶೀರ್ಷಿಕೆ ಪಟ್ಟಿಯನ್ನು ಹಾರಿಸುತ್ತಾರೆ, ಛಾಯಾಗ್ರಾಹಕ ಯಾರು, ಸಂಕಲನಕಾರ ಯಾರು ಎಂದು ತಿಳಿಯುವುದಿಲ್ಲ. ಒಮ್ಮೆ ವಾಹಿನಿಯೊಂದರಲ್ಲಿ ನನ್ನ ಮೆಚ್ಚಿನ ಹಳೆಯ ಚಿತ್ರವೊಂದನ್ನು ನೋಡಲು ಮನೆಮಂದಿಯನ್ನೆಲ್ಲ ಕೂರಿಸಿಕೊಂಡಿದ್ದೆ. ಅದರ ಅತ್ಯುತ್ತಮ ಹಾಡು ಬರಲೇ ಇಲ್ಲ. ಪತ್ರ ಬರೆದು ವಿಚಾರಿಸಿದರೆ, ಸಮಯ ಹೊಂದಿಸಲು ತೆಗೆದಿದ್ದೇವೆ ಎಂಬ ಉತ್ತರ ಬಂತು.

ತಮ್ಮ ಪ್ರಶ್ನೆಗೆ ನೇರ ಉತ್ತರ: ಟಿಕೆಟು ಕೊಂಡವನಿಗೆ ನಿರ್ದೇಶಕ ಸಾಲಗಾರನಲ್ಲ. ಆ ಚಿತ್ರಕ್ಕೆ ದುಡಿದವರಿಗೆ, ಅದನ್ನು ಇನ್ನೂ ನೋಡದವರಿಗೆ ಅವನು ಸಾಲಗಾರ. ಅಭಿಮಾನಿ ಅವರ ಪರವಾಗಿ ಬಾಗಿಲು ತಟ್ಟುತ್ತಿದ್ದಾನೆ.

ಇನ್ನು ‘ಕಸ್ತೂರಿ ನಿವಾಸ’. 1971ರ ಆ ಚಿತ್ರ 2014ರಲ್ಲಿ ಬಣ್ಣದಲ್ಲಿ ಬಂದಾಗ ಮಕ್ಕಳು ಮರಿಗಳೊಂದಿಗೆ ಜನ ಚಿತ್ರಮಂದಿರಕ್ಕೆ ಹೋದರು. ರಾಜ್‌ಕುಮಾರ್ ಅವರನ್ನು ದೊಡ್ಡ ತೆರೆಯಲ್ಲಿ ಮೊದಲ ಸಲ ಕಂಡ ಮಕ್ಕಳ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ತಮ್ಮ ಮೊಮ್ಮಕ್ಕಳು ನೋಡಲಿ. ಆದರೆ ಒಂದು ರಾತ್ರಿ ಕಪ್ಪು ಬಿಳುಪಿನದನ್ನೂ ಹಾಕಿ ತೋರಿಸಿ. ಛಾಯಾಗ್ರಾಹಕ ದೀಪ ಹಚ್ಚಿದ್ದು, ನೆರಳು ಬಿಡಿಸಿದ್ದು ಆ ಬೂದುಬಣ್ಣಗಳಿಗಾಗಿ. ಸೀರೆಯ ಬಣ್ಣ ನಲವತ್ತು ವರ್ಷದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತವರು ಆರಿಸಿದ್ದು. ಎರಡನ್ನೂ ನೋಡಿದ ಮೇಲೆ ಯಾವುದು ಹಿಡಿಸಿತು ಎಂದು ಮಕ್ಕಳೇ ಹೇಳಲಿ.

ತಮ್ಮಿಂದ, ಇತರ ಓದುಗರಿಂದ ನನಗೊಂದು ಉಪಕಾರ ಬೇಕು. ಚಿತ್ರಮಂದಿರದಲ್ಲಿ ನೋಡಿದ ಯಾವುದಾದರೂ ಕನ್ನಡ ಚಿತ್ರದ ದೃಶ್ಯವೋ ಹಾಡೋ ಈಗ ಸಿಗುವ ಪ್ರತಿಯಲ್ಲಿ ಕಾಣೆಯಾಗಿದ್ದರೆ, ಚಿತ್ರದ ಹೆಸರು, ನೋಡಿದ ಊರು, ವರ್ಷ, ಕಾಣೆಯಾದ ಭಾಗದ ವಿವರ ಇಷ್ಟನ್ನು ಬರೆದು ಕಳುಹಿಸಿ. ಪಟ್ಟಿ ಮಾಡಿ ಪ್ರಕಟಿಸುತ್ತೇವೆ, ಹಕ್ಕುದಾರರಿಗೂ ಒಂದೊಂದು ಪ್ರತಿ ಕಳುಹಿಸುತ್ತೇವೆ.

— ಸಂಪಾದಕ