ಬೋಲ್ಟ್ ತೂತಿಗೆ ಹಾಕಿದ ಪುಟ್ಟಿ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಮ್ಮದು ಫೈಬರ್ ನಾಡದೋಣಿ. ಹಳೇ ಎಂಜಿನ್ ಬ್ರಾಕೆಟ್ ತೆಗೆದ ಮೇಲೆ ಹಿಂದಿನ ಹಲಗೆಯಲ್ಲಿ ನಾಲ್ಕು ಬೋಲ್ಟ್ ತೂತು ಉಳಿದಿವೆ. ಎರಡು ನೀರಿನ ಮಟ್ಟಕ್ಕಿಂತ ಕೆಳಗಿವೆ. ಪುಟ್ಟಿ ತುಂಬಿದರೂ ಕಿತ್ತು ಬರುತ್ತಿದೆ. ಏನು ಮಾಡಲಿ?
– ಓದುಗರು, ಗಂಗೊಳ್ಳಿ

ಉತ್ತರ: ಪುಟ್ಟಿ ಬಿಡಿ, ಮೊದಲು ಒಳಗಿನ ಮರ ನೋಡಿ. ಹಿಂದಿನ ಹಲಗೆಯಲ್ಲಿ ಎರಡು ಫೈಬರ್ ಪದರದ ನಡುವೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ತೂತಿನಿಂದ ನೀರು ಅದಕ್ಕೇ ಇಳಿಯುವುದು. ತೂತಿನ ಪಕ್ಕ ಒಳಗಡೆಯಿಂದ ಸಣ್ಣ ಡ್ರಿಲ್ ಹಾಕಿ. ಪುಡಿ ಕಪ್ಪಗೆ, ಒದ್ದೆಯಾಗಿ ಬಂದರೆ ಮರ ಕೊಳೆತಿದೆ. ಆಗ ಅಷ್ಟು ಭಾಗ ಕತ್ತರಿಸಿ ಹೊಸ ಪ್ಲೈವುಡ್ ಕೂರಿಸಲೇಬೇಕು. ಎಂಜಿನ್ ತೂಗುವ ಜಾಗ ಅದು, ಇಲ್ಲಿ ಉಳಿತಾಯ ಬೇಡ.

ಮರ ಗಟ್ಟಿ ಇದ್ದರೆ ಸಿಹಿನೀರಲ್ಲಿ ಉಪ್ಪು ತೊಳೆದು ಚೆನ್ನಾಗಿ ಒಣಗಿಸಿ. ಮಳೆಗಾಲದಲ್ಲಿ ದೋಣಿ ಹೇಗೂ ದಡದಲ್ಲಿದೆ ಅಂತ ಆಗ ಈ ಕೆಲಸ ಹಿಡಿಯಬೇಡಿ. ಏಪ್ರಿಲ್-ಮೇ ಬಿಸಿಲೇ ಸರಿ.

ಹೊರಗಡೆ ತೂತಿನ ಸುತ್ತ ತಟ್ಟೆಯ ಹಾಗೆ ಇಳಿಜಾರಾಗಿ ಗ್ರೈಂಡ್ ಮಾಡಿ. ಪುಟ್ಟಿಗೆ ಹಿಡಿಯಲು ತೂತಿನ ಗೋಡೆ ಮಾತ್ರ ಸಿಗುತ್ತದೆ, ಅದಕ್ಕೇ ಕಿತ್ತು ಬರುವುದು. ಹೊರ ಪದರ 5 ಮಿ.ಮೀ. ದಪ್ಪ ಇದ್ದರೆ ಇಳಿಜಾರು ಸುತ್ತಲೂ 60 ಮಿ.ಮೀ. ಇರಲಿ. ಅಂದರೆ ದಪ್ಪದ 12 ಪಟ್ಟು. ಜಾಸ್ತಿ ಅನ್ನಿಸಬಹುದು, ಆದರೆ ನೀರಿನ ಕೆಳಗೆ ಇಷ್ಟು ಬೇಕೇ ಬೇಕು. ಗಾಜಿನ ಧೂಳು ಏಳುತ್ತದೆ, ಮಾಸ್ಕ್ ಹಾಕದೆ ಗ್ರೈಂಡರ್ ಮುಟ್ಟಬೇಡಿ.

ತೂತಿನೊಳಗಿನ ಮರಕ್ಕೆ ಮೊದಲು ತೆಳು ಎಪಾಕ್ಸಿ (ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು) ಕುಡಿಸಿ. ಆಮೇಲೆ ಸಿಲಿಕಾ ಪುಡಿ ಕಲಸಿದ ದಪ್ಪ ಎಪಾಕ್ಸಿ ತುಂಬಿ. ಬಿಸಿಲಿಗೆ ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ. ಇಳಿಜಾರಿಗೆ ನೇಯ್ದ ಗಾಜಿನ ಬಟ್ಟೆಯ ಪದರ ಹಾಕಿ. ಕೆಳಗೆ ದೊಡ್ಡ ತುಂಡು, ಮೇಲೆ ಚಿಕ್ಕದು. ಹಾಗಾದರೆ ಕೊನೆಗೆ ಉಜ್ಜುವಾಗ ದೊಡ್ಡ ತುಂಡು ಸವೆಯುವುದಿಲ್ಲ. ಮಾಮೂಲಿ ಮ್ಯಾಟ್ (ಗಾಜಿನ ಬಿಡಿ ಎಳೆಗಳನ್ನು ಅಂಟಿಸಿದ ಹಾಳೆ) ಬೇಡ. ಅದರ ಎಳೆ ಹಿಡಿದಿರುವ ಅಂಟು ಪಾಲಿಯೆಸ್ಟರ್ ರೆಸಿನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ.

ಪಾಲಿಯೆಸ್ಟರ್ ಕಡಿಮೆ ಬೆಲೆಗೆ ಸಿಗುತ್ತದೆ, ನಿಜ. ಆದರೆ ಹಳೇ ಫೈಬರ್‌ಗೆ ಎಪಾಕ್ಸಿಯಷ್ಟು ಕಚ್ಚುವುದಿಲ್ಲ. ಬೇರೆ ಕೆಲಸಕ್ಕೆ ಅದನ್ನು ಬಳಸುವಾಗಲೂ, ಅದು ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಒಟ್ಟಿಗೆ ಸುರಿಯಬೇಡಿ, ಸ್ಫೋಟವಾಗುತ್ತದೆ. ಮೊದಲು ಕೋಬಾಲ್ಟ್ ಅನ್ನು ರೆಸಿನ್‌ಗೆ ಚೆನ್ನಾಗಿ ಕಲಸಿ, ಆಮೇಲೆ ಕ್ಯಾಟಲಿಸ್ಟ್.

ಎಪಾಕ್ಸಿ ಗಟ್ಟಿಯಾದ ನಂತರ ಅದರ ಮೇಲೆ ಜಿಡ್ಡು ಕೂತಿರಬಹುದು. ನೀರಲ್ಲಿ ತೊಳೆದು, ಉಜ್ಜಿ, ಆಮೇಲೆ ಪೇಂಟ್ ಮಾಡಿ.

ಹೊಸ ಬ್ರಾಕೆಟ್‌ನ ಬೋಲ್ಟ್‌ಗಳನ್ನೂ ಒಮ್ಮೆ ಬಿಚ್ಚಿ. ತೂತನ್ನು ದೊಡ್ಡದು ಮಾಡಿ, ದಪ್ಪ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಬೋಲ್ಟ್ ಅಳತೆಗೆ ಕೊರೆಯಿರಿ. ಆಗ ಬೋಲ್ಟ್ ಸಡಿಲವಾದರೂ ನೀರು ಮರಕ್ಕೆ ತಾಗುವುದಿಲ್ಲ.