ಪ್ರಬಂಧದ ವರ್ಡ್ ಫೈಲ್ ತೆರೆಯುತ್ತಿಲ್ಲ, ವಾಪಸ್ ಪಡೆಯಬಹುದೇ?

140 ಪುಟದ ಪ್ರಬಂಧ ಪೆನ್‌ಡ್ರೈವ್‌ನಲ್ಲಿದೆ, ತೆರೆದರೆ ಫೈಲ್ ಹಾಳಾಗಿದೆ ಎನ್ನುತ್ತದೆ, ಒಮ್ಮೊಮ್ಮೆ ವರ್ಡೇ ಮುಚ್ಚಿಕೊಳ್ಳುತ್ತದೆ ಎಂದು ಕೇಳಿದ್ದೀರಿ. ಗಾಬರಿಯಾಗಬೇಡಿ. ನಾನು ಡಿಟಿಪಿ ಕೆಲಸ ಮಾಡುತ್ತೇನೆ, ಇಂಥ ಫೈಲುಗಳನ್ನು ತುಂಬಾ ನೋಡಿದ್ದೇನೆ.

ಮೊದಲು ಆ ಫೈಲನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿಕೊಳ್ಳಿ. ಮುಂದಿನದೆಲ್ಲ ಆ ಕಾಪಿಯ ಮೇಲೆಯೇ. ಪೆನ್‌ಡ್ರೈವ್‌ಗೆ ಹೊಸದೇನನ್ನೂ ಹಾಕಬೇಡಿ. ಫೈಲಿನ ಗಾತ್ರ ನೋಡಿ. 0 ಕೆಬಿ ಇದ್ದರೆ ಅದರೊಳಗೆ ಏನೂ ಉಳಿದಿಲ್ಲ. ಆಗ ನಿಮಗೇ ಕಳಿಸಿಕೊಂಡ ಹಳೇ ಇಮೇಲ್, ಗೈಡ್‌ಗೆ ಕಳಿಸಿದ ವಾಟ್ಸಾಪ್ ಕಾಪಿ ಹುಡುಕಿ.

ಈಗ ವರ್ಡ್‌ನಲ್ಲಿ ಒಂದು ಖಾಲಿ ಪುಟ ತೆರೆಯಿರಿ. ಅದೂ ಮುಚ್ಚಿಕೊಂಡರೆ ತಪ್ಪು ಫೈಲಿನದಲ್ಲ. ಕಂಟ್ರೋಲ್ ಕೀ ಒತ್ತಿ ಹಿಡಿದು ವರ್ಡ್ ತೆರೆದರೆ ಸೇಫ್ ಮೋಡ್ (ಹೆಚ್ಚುವರಿ ಏನೂ ಇಲ್ಲದೆ ತೆರೆಯುವ ಬಗೆ) ಬೇಕೇ ಎಂದು ಕೇಳುತ್ತದೆ. ಅದರಲ್ಲಿ ಸರಿಯಾಗಿ ನಡೆದರೆ ಯಾವುದೋ ಆ್ಯಡ್-ಇನ್ (ವರ್ಡ್‌ಗೆ ಸೇರಿಸಿಕೊಂಡ ಸಣ್ಣ ಪ್ರೋಗ್ರಾಂ) ಕಾಟ ಕೊಡುತ್ತಿರಬಹುದು. ಒಂದೊಂದಾಗಿ ತೆಗೆದು ನೋಡಿ.

ಖಾಲಿ ಪುಟ ಚೆನ್ನಾಗಿದ್ದರೆ ಫೈಲೇ ಕೆಟ್ಟಿದೆ. ಓಪನ್ ಕಿಟಕಿಯಲ್ಲಿ ಫೈಲನ್ನು ಆರಿಸಿ, ಓಪನ್ ಬಟನ್ ಪಕ್ಕದ ಬಾಣ ಒತ್ತಿದರೆ ‘ಓಪನ್ ಆ್ಯಂಡ್ ರಿಪೇರ್’ ಇದೆ. ಅದು ಕೈಕೊಟ್ಟರೆ ವರ್ಡ್‌ನಂಥದೇ ಉಚಿತ ಪ್ರೋಗ್ರಾಂ ಲಿಬ್ರೆಆಫೀಸ್‌ನಲ್ಲಿ ತೆರೆಯಿರಿ. ವರ್ಡ್ ಒಪ್ಪದ ಎಷ್ಟೋ ಫೈಲುಗಳನ್ನು ಅದು ತೆರೆಯುತ್ತದೆ.

ಅದೂ ಆಗದಿದ್ದರೆ ಇನ್ನೊಂದು ದಾರಿ ಇದೆ. ವರ್ಡ್ 2007ರಿಂದ ಬಂದ ಡಾಕ್ಸ್ (.docx) ಫೈಲ್ ಅಂದರೆ ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿದ ಒಂದು ಜಿಪ್ (.zip) ಗಂಟು ಅಷ್ಟೇ. ಕಾಪಿಯ ಹೆಸರಿನ ಕೊನೆಯ ಡಾಕ್ಸ್ ತೆಗೆದು ಜಿಪ್ ಎಂದು ಹಾಕಿ, ಬಿಚ್ಚಿ. ಒಳಗೆ ವರ್ಡ್ ಎಂಬ ಫೋಲ್ಡರ್, ಅದರಲ್ಲಿ ಡಾಕ್ಯುಮೆಂಟ್ ಎಂಬ ಎಕ್ಸ್‌ಎಂಎಲ್ ಫೈಲ್. ನಿಮ್ಮ ಮುಖ್ಯ ಬರಹ ಅದರಲ್ಲೇ ಇರುತ್ತದೆ. ಚಿತ್ರಗಳು ಮೀಡಿಯಾ ಫೋಲ್ಡರಿನಲ್ಲಿ. ಪೆನ್‌ಡ್ರೈವನ್ನು ಎಜೆಕ್ಟ್ ಮಾಡದೆ ಸುಮ್ನೆ ಎಳೆದಿದ್ದರೆ ಫೈಲಿನ ಬಾಲ ತುಂಡಾಗಿರಬಹುದು. ಜಿಪ್‌ನ ಒಳಪಟ್ಟಿ ಇರುವುದು ಬಾಲದಲ್ಲೇ, ಹಾಗಾಗಿ ಗಂಟು ಬಿಚ್ಚುವುದಿಲ್ಲ. ಆಗ ಜಿಪ್ ಬಿಚ್ಚುವ ಪ್ರೋಗ್ರಾಂ ವಿನ್‌ರಾರ್‌ನ ರಿಪೇರ್ ಬಳಸಿ.

ಇಲ್ಲಿ ಕನ್ನಡದವರು ಎಡವುವ ಜಾಗ ಒಂದಿದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಆ ಎಕ್ಸ್‌ಎಂಎಲ್ ಫೈಲಿನಲ್ಲಿ ಕನ್ನಡವೇ ಕಾಣುವುದಿಲ್ಲ. ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ. ಎಲ್ಲ ಹೋಯಿತು ಎಂದು ಅದನ್ನೇ ಅಳಿಸಿಬಿಟ್ಟವರನ್ನು ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ. ದಯವಿಟ್ಟು ಅಳಿಸಬೇಡಿ. ಆ ಅಕ್ಷರಗಳನ್ನು ಹೊಸ ಪುಟಕ್ಕೆ ಹಾಕಿ ‘ನುಡಿ 01 ಇ’ ಫಾಂಟ್ ಕೊಡಿ. ಕನ್ನಡ ವಾಪಸ್ ಬರುತ್ತದೆ.

ರಿಪೇರಿಯಾದ ಫೈಲ್ ತೆರೆದುಕೊಂಡರೂ ಅದರಲ್ಲೇ ಮುಂದುವರಿಯಬೇಡಿ. ಕೊನೆಯ ಪ್ಯಾರಾ ಗುರುತೊಂದನ್ನು (¶) ಬಿಟ್ಟು ಉಳಿದದ್ದನ್ನು ಹೊಸ ಫೈಲಿಗೆ ಕಾಪಿ ಮಾಡಿ. ಆ ಗುರುತಿಗೆ ಇಡೀ ಫೈಲಿನ ಪುಟವಿನ್ಯಾಸ ಅಂಟಿಕೊಂಡಿರುತ್ತದೆ, ಕೆಡುಕೂ ಅದರ ಜೊತೆಗೇ ಬಂದುಬಿಡಬಹುದು.